ಡ್ಯಾರೆನ್‌ನ ದನಿ

ನರ್ಸಿಂಗ್ ಓದಿ ಕೊನೆಗೆ ನಾನು ಮಾಡುತ್ತಿದ್ದುದು ಕಂಠದಾನ. ಸಮುದ್ರದಾಚೆಯ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮುಗಿಸಿ ಮನೆಗೆ ಹೋದವರನ್ನು ನಮ್ಮೂರಾದ ಇಲೊಯಿಲೊದ ಮಾಲ್ ಮೇಲಿನ ಆಫೀಸಿನಲ್ಲಿ ಕೂತು ಫೋನಿನಲ್ಲಿ ವಿಚಾರಿಸುವುದು. ಅಲ್ಲಿಯ ಒಬ್ಬ ನರ್ಸಿನ ಸಂಬಳಕ್ಕೆ ಇಲ್ಲಿ ನಮ್ಮ ಸಾಲಿಗೆ ಸಾಲೇ ಸಿಗುತ್ತದೆ. ಹೆಡ್‌ಫೋನ್ ಏರಿಸಿದರೆ ರೆನಾಂತೆ ಎಂಬ ನಾನು ಮಾಯ, ಡ್ಯಾರೆನ್ ಹಾಜರ್. ಮೂಗಿನಲ್ಲೆಳೆದ ನನ್ನ ಇಂಗ್ಲಿಷ್ ಕೇಳಿ ಅಲ್ಲಿಯವರೇ ನೀನು ಯಾವ ಬಡಾವಣೆ ಎನ್ನುತ್ತಿದ್ದರು.

ಆದರೆ ಸಲಹೆ ಕೊಡುವಂತಿಲ್ಲ. ನನ್ನ ಲೈಸೆನ್ಸ್ ಆ ದೇಶದಲ್ಲಿ ನಡೆಯದು. ರೋಗಿ ತಾನೇ ತೊಂದರೆ ಹೇಳಿಕೊಂಡರೆ ಅಲ್ಲಿಯ ನರ್ಸಿಗೆ ದಾಟಿಸಬೇಕು, ಅಷ್ಟೆ.

ಆ ಮಧ್ಯಾಹ್ನ ಸಿಕ್ಕವರು ಫ್ಲೋರ್ದೆಲಿಸಾ, ಮಂಡಿಚಿಪ್ಪು ಬದಲಿಸಿಕೊಂಡ ಮುದುಕಿ.

"ಉಸಿರಾಟದ ತೊಂದರೆ ಇದೆಯೇ?" ಎಂದ ಡ್ಯಾರೆನ್.

"ನೋ ಸರ್. ಆಲ್ ಓಕೆ ಸರ್. ಥ್ಯಾಂಕ್ಯೂ ಸರ್." ಆಮೇಲೆ ಫೋನು ದೂರ ಹಿಡಿದು ನಮ್ಮೂರ ಮಾತಿನಲ್ಲಿ ಗೊಣಗಿದರು: "ಅಯ್ಯೋ ಯೇಸಪ್ಪಾ, ಮೀನಖಂಡ ಕುಂಬಳಕಾಯಿ ಆಗೈತೆ, ಉಸ್ರು ಎಳ್ಯಕ್ಕೇ ಆಗ್ತಿಲ್ವಲ್ಲ."

ಬಿಳಿಯರಿಗೆ ತೊಂದರೆ ಕೊಡಬಾರದೆಂದು ಸಾಯುವಾಗಲೂ ಓಕೆ ಎನ್ನುವ ಜನ ನಾವು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿದೆ ಎನ್ನಿಸಿತು. ಡ್ಯಾರೆನ್ನನ್ನು ಆಚೆ ತಳ್ಳಿ ನಮ್ಮೂರ ಮಾತಿಗಿಳಿದೆ.

"ಲೋಲಾ, ಅಜ್ಜೀ, ನಿಮ್ಮ ಮೊಮ್ಮಗ ಅಂದ್ಕೊಳ್ಳಿ. ಈಗ್ಲೇ ಆಂಬುಲೆನ್ಸ್ ಕರೀರಿ."

ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡ ಸದ್ದಾಯಿತು.

"ಎಲ್ಲಿಂದ ಮಾತಾಡ್ತಿದೀಯೋ ಮಗಾ, ತೋತೊ?"

"ಇಲೊಯಿಲೊದಿಂದ."

"ಥೂ ನಿನ್ನ! ಆ ಬಿಳೀ ನರ್ಸು ಎಲ್ಲೋದ? ನನ್ ಮಗ್ಳು ಅಷ್ಟೊಂದು ದುಡ್ಡು ಸುರಿದಿರೋದು ಊರ ಹೈಕ್ಳ ಮಾತು ಕೇಳಕ್ಕಾ? ಅವ್ನನ್ನ ಕರಿ. ಅವ್ನು ಹೇಳಿದ್ರೆ ಹೋಗ್ತೀನಿ."

"ಅವ್ನೂ ನಾನೇ, ಲೋಲಾ."

"ಮುದುಕಿ ಹತ್ರ ತಮಾಷೆನಾ?"

ಡ್ಯಾರೆನ್ನನ್ನು ಮತ್ತೆ ಗಂಟಲಿಗೆ ತಂದುಕೊಳ್ಳುವಷ್ಟರಲ್ಲಿ ಲೈನು ಸತ್ತಿತು. ಎಲ್ಲ ಕರೆಗಳನ್ನೂ ಆಲಿಸುವ ಮೇಲ್ವಿಚಾರಕಿ, ನಾವೆಲ್ಲ ಅಕ್ಕ ಎಂಬರ್ಥದಲ್ಲಿ ನಾಂಗ್ ಎನ್ನುವ ಕ್ರಿಸ್ತೆತಾ, ಕಡಿದಿದ್ದರು.

"ನಾಂಗ್, ಒಂದೇ ಸಲ ಲೈನು ಕೊಡಿ. ಡ್ಯಾರೆನ್ ಹೇಳಿದ್ರೆ ಹೋಗ್ತಾರೆ."

"ನಿಂಗೇ ಅಲ್ಲಿ ಲೈಸೆನ್ಸ್ ಇಲ್ಲ, ಹುಟ್ಟೇ ಇಲ್ಲದವನಿಗೆ ಎಲ್ಲಿಂದ ಬರ್ಬೇಕೋ? ಹೆಚ್ಚುಕಮ್ಮಿ ಆದ್ರೆ ಕೇಸು ಯಾವ ದೇಶದಲ್ಲಿ ಹಾಕ್ತಾರೋ ನಂಗೊತ್ತಿಲ್ಲ. ಕಾಂಟ್ರ್ಯಾಕ್ಟ್ ಅಂತೂ ನಾಳೆನೇ ಬೇರೆ ದೇಶಕ್ಕೆ ಹೋಗುತ್ತೆ. ಇಲ್ಲಿ ಕೂತಿರೋರಿಗೆಲ್ಲ ಅನ್ನ ನೀನು ಹಾಕ್ತೀಯಾ?" ಎಂದರು. ಆದರೂ ತಾವೇ 'ತುರ್ತು' ಎಂದು ಬರೆದು ಪರ್ತ್‌ಗೆ ಕಳಿಸಿದರು.

ನನ್ನ ಹೆಡ್‌ಫೋನ್ ಕಿತ್ತುಕೊಂಡಾಗಿತ್ತು. ಆದರೂ ಅವರ ಕುರ್ಚಿಯ ಹಿಂದೆ ನಿಂತೇ ಇದ್ದೆ. ಪರ್ತ್‌ನಲ್ಲಿ ನಮ್ಮ ಕರೆಗಳನ್ನು ನೋಡಿಕೊಳ್ಳುವ, ಲೈಸೆನ್ಸ್ ಇರುವ ನರ್ಸ್ ಒಬ್ಬಳೇ. ಅವಳ ಮುಂದೆ ತುರ್ತುಗಳದ್ದೇ ಸಾಲು.

ಸಂಜೆ ಅವಳ ಉತ್ತರ ಬಂತು: "ರೋಗಿ ಫೋನ್ ಎತ್ತುತ್ತಿಲ್ಲ. ನಾಳೆ ಡ್ಯಾರೆನ್ ಮತ್ತೊಮ್ಮೆ ವಿಚಾರಿಸಲಿ."