ಟಿಫಿನ್ ಡಬ್ಬಿಯ ಮೀನು

ಕೊಕ್ಕಿನಿಂದ ಜೋತುಬಿದ್ದ ಗಾಳದ ದಾರ ಬಿಸಿಲಿಗೆ ಮಿನುಗಿತು, ಮತ್ತೆ ಕಾಣಲಿಲ್ಲ, ಮತ್ತೆ ಮಿನುಗಿತು — ವಸುಂಧರಾ ಕಾಲುವೆಯ ಕಂಬಿ ಹಿಡಿದುಕೊಂಡಳು, ಅದೇ ಬೂದು ಕೊಕ್ಕರೆ, ತಲೆಯ ಹಿಂದೆ ಅದೇ ಕರಿಗರಿಯ ಜುಟ್ಟು, ಜಪಾನಿನ ಕೋಟೋಗೆ ಬಂದ ಮೊದಲ ಚಳಿಗಾಲದಲ್ಲಿ ಗಂಡ ಶ್ರೀಕಂಠ ಶಿನಾಗಾವಾದ ಆಫೀಸಿಗೂ ಮಗಳು ಇಂಚರಾ ಸ್ಕೂಲಿಗೂ ಹೋದ ಮೇಲೆ ಅವಳಿಗೆ ಉಳಿಯುತ್ತಿದ್ದುದು ಇದೊಂದೇ, ನೀರಲ್ಲಿ ಕಲ್ಲಿನಂತೆ ನಿಲ್ಲುವುದು, ನಿಂತೇ ಇರುವುದು, ಆಮೇಲೆ ಕತ್ತು ಚಿಮ್ಮಿ ಒಂದು ಮೀನು, ತಲೆ ಮೊದಲಾಗಿ ಗುಳುಂ — ಅಷ್ಟಕ್ಕೆ ಅಷ್ಟು ಕಾಯಬೇಕಲ್ಲ ಪಾಪ ಅನ್ನಿಸಿ, ಮೊಟ್ಟೆಯನ್ನೂ ಮುಟ್ಟದವಳು ಗಂಡನಿಗೆ ಗೊತ್ತಾಗದಂತೆ ಸಣ್ಣ ಮೀನು ತಂದು ಹಳೇ ಟಿಫಿನ್ ಡಬ್ಬಿಗೆ ತುಂಬಿಕೊಂಡು ಬರತೊಡಗಿದಳು, ಅಮ್ಮಾ ಇಟ್ಸ್ ಸೋ ಸ್ಮೆಲ್ಲಿ ಎಂದು ಇಂಚರಾ ಮೂಗು ಮುಚ್ಚಿಕೊಂಡು ನಗುತ್ತಿದ್ದಳು, ಬರಬರುತ್ತಾ ಕೊಕ್ಕರೆ ನೀರಿಗಿಳಿಯುವುದನ್ನೇ ಬಿಟ್ಟಿತು, ಅವಳ ಹೆಜ್ಜೆ ಕೇಳಿದರೆ ದಂಡೆಯ ಮೇಲೆ ನಡೆದೇ ಬರುತ್ತಿತ್ತು, ಅವಳಿಗೋ ಹೆಮ್ಮೆ, ಈ ಊರಲ್ಲಿ ತನ್ನ ಗುರುತು ಹಿಡಿಯುವ ಒಂದು ಜೀವವಾದರೂ ಇದೆಯಲ್ಲ ಎಂದು, ನಿನ್ನೆ ಗಾಳ ಹಾಕಿ ಕೂತಿದ್ದವನ ಹತ್ತಿರವೂ ಅದು ಹಾಗೇ ನಡೆದು ಹೋಯಿತಂತೆ, ಅವನ ಮೀನನ್ನು ಗಾಳದ ಸಮೇತ ನುಂಗಿತಂತೆ.

ಕೆಳಗಿನ ಮಹಡಿಯ ಮೊರಿತಾ ಸಾನ್ ಹೇಳುತ್ತಿದ್ದಾರೆ, ನಾಯಿಯ ಹಗ್ಗ ಹಿಡಿದು, ಮೆಲ್ಲಗೆ, ಸುಮಿಮಾಸೆನ್, ಕ್ಷಮಿಸಿ, ಇದಕ್ಕೆ ಯಾರೋ ಮೀನು ಹಾಕುತ್ತಿದ್ದಾರೆ, ಅದಕ್ಕೆ ಮನುಷ್ಯರ ಭಯ ಹೋಗಿದೆ, ನೀವೇನಾದರೂ ನೋಡಿದಿರಾ — ಪ್ರತಿ ಮಾತೂ ಅರ್ಥವಾಯಿತು, ಇಷ್ಟು ದಿನ ಜಪಾನೀಸ್ ಕ್ಲಾಸಿಗೆ ಹೋದವಳಿಗೆ ಅರ್ಥವಾಗದೆ ಏನು, ಆದರೂ ಡಬ್ಬಿಯ ಚೀಲವನ್ನು ಬೆನ್ನ ಹಿಂದೆ ಸರಿಸಿ, ಸ್ಕೂಲು ಬಿಟ್ಟು ಜೊತೆಗೆ ಬಂದಿದ್ದ ಮಗಳತ್ತ ತಿರುಗಿದಳು, ಏನಂತೆ ಪುಟ್ಟಾ, ಆ ಕೇಳಿದ್ದೇ ಒಂದು ಸುಳ್ಳು, ಅದರ ಮೇಲೆ ಇನ್ನೊಂದು, ನಮಗೆ ಗೊತ್ತಿಲ್ಲ ಅಂತ ಹೇಳು, ಬಟ್ ಅಮ್ಮಾ, ಹೇಳು ಅಂದ್ನಲ್ಲ — ಬೆರಳಿಂದ ಮೀನಿನ ವಾಸನೆ ಮೇಲೇಳುತ್ತಿದೆ, ನಾಯಿ ಚೀಲದತ್ತ ಮೂಗು ಚಾಚುತ್ತಿದೆ, ಇಂಚರಾ ಮಾತಾಡುತ್ತಿದ್ದಾಳೆ, ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ಮಾತು ಬೇಕೆ, ಸಾಕಾನಾ ಅಂದಳು, ಮೀನು, ವತಾಶಿತಾಚಿ ಅಂದಳು, ನಾವು, ನಾವೇ ಹಾಕಿದ್ದು, ಆಮೇಲೆ ಸ್ವಲ್ಪ ತಡೆದು, ಅಮ್ಮ ಒಬ್ಬರೇ ಇರ್ತಾರೆ, ಅವರಿಗೆ ತುಂಬಾ ಬೇಜಾರಾಗ್ತಿತ್ತು, ಅದಕ್ಕೆ — ಮಗಳಿಗೆ ಇದನ್ನು ಯಾವತ್ತು ಹೇಳಿದ್ದಳು, ಹೇಳಿರಲೇ ಇಲ್ಲ, ಮೊರಿತಾ ಸಾನ್ ತನ್ನ ಮುಖ ನೋಡದೆ ನೀರಿನತ್ತ ತಿರುಗಿದ್ದಾರೆ, ಹಾಗೆ ತಿರುಗದೆ ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಕ್ಷಮೆ ಕೇಳಬೇಕಾದವಳು ತಾನು, ಬಗ್ಗಬೇಕು, ಸೊಂಟ ಬಗ್ಗುತ್ತಿಲ್ಲ, ಬಗ್ಗಿರುವುದು ಇಂಚರಾ, ಬೆನ್ನ ಮೇಲೆ ಸ್ಕೂಲ್ ಬ್ಯಾಗು, ಎರಡು ಜಡೆ ಮುಂದಕ್ಕೆ ಜೋತು, ಬೆಳಿಗ್ಗೆ ತಾನೇ ಬಾಚಿ ತೆಗೆದ ನೆಟ್ಟನೆಯ ಬೈತಲೆ, ಸಾಕು ಏಳು ಪುಟ್ಟಾ ಅನ್ನಬೇಕು, ಬಿಳಿ ಬೈತಲೆ, ಇನ್ನೂ ಎದ್ದಿಲ್ಲ, ಆ ಬೈತಲೆ