ಆನೆ ಕಾಲು, ಆಡಿನ ಕೀಲು

ಲೊಕ್ಕನಹಳ್ಳಿ ಗುರುಸಿದ್ದಯ್ಯನವರ ಜೀಪು ಗೊತ್ತಲ್ಲ ನಿಮಗೆ? ಗೊತ್ತಿಲ್ದಿದ್ರೂ ಚಿಂತೆ ಇಲ್ಲ, ಅದು ಬರೋದು ಅರ್ಧ ಮೈಲಿಯಿಂದ್ಲೇ ಕೇಳುತ್ತೆ. ಕಾಡಂಚಿನ ಕಲ್ದಾರಿಗೆ ಬಸ್ಸು ಹೋಗಲ್ಲ, ಆಟೋ ಹೋಗಲ್ಲ. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಮದುವೆ ದಿಬ್ಬಣ, ಎಲ್ಲಾ ಇದ್ರಲ್ಲೇ.

ಹೋದ ತಿಂಗಳು ಗುರುಸಿದ್ದಯ್ಯನವರು ಅದಕ್ಕೆ ನಾಲ್ಕು ಭಾರೀ ಟೈರು ಹಾಕಿಸ್ಕೊಂಡು ಬಂದ್ರು. ಊರೇ ನಿಂತು ನೋಡ್ತು. ಜೀಪು ಎಷ್ಟು ಎತ್ತರ ಆಯ್ತು ಅಂದ್ರೆ, ಹೆಂಡ್ತಿ ಪುಟ್ಟಬಸಮ್ಮ ಹತ್ತೋಕೆ ಕೆಳಗೆ ಮಣೆ ಇಡ್ಬೇಕಾಯ್ತು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಗಂಡ ಹೆಂಡ್ತಿಗೆ ಮಣೆ ಹಾಕಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯ್ತು ಕುಣಿತ. ಸ್ವಲ್ಪ ಜೋರಾಗಿ ಓಡಿಸಿದ್ರೆ ಸ್ಟೇರಿಂಗು ಕೈಯಲ್ಲಿ ಗಡಗಡ. ಬಲಕ್ಕೆ ತಿರುಗಿಸಿದ್ರೆ ಜೀಪು ಒಂದ್ನಿಮಿಷ ಯೋಚನೆ ಮಾಡಿ ಆಮೇಲೆ ಒಪ್ಕೊಳ್ಳೋದು. ದೃಷ್ಟಿ ಆಗಿದೆ ಅಂತ ಮುಂದುಗಡೆ ನಿಂಬೆಹಣ್ಣು ಕಟ್ಟಿದ್ರು. ಸ್ಟೇರಿಂಗಿನ ಜೊತೆ ನಿಂಬೆಹಣ್ಣೂ ಕುಣೀತು.

ಮುಂದಿನ ಎರಡು ಚಕ್ರನೂ ಒಟ್ಟಿಗೆ ತಿರುಗೋ ಹಾಗೆ ಹಿಡ್ಕೊಂಡಿರೋ ಒಂದು ಕಬ್ಬಿಣದ ಸರಳು ಇರುತ್ತೆ, ಟೈ ರಾಡು. ಅದು ಕಲ್ಲಿಗೆ ತಾಗಿ ಬಗ್ಗಿತು. ಗುರುಸಿದ್ದಯ್ಯನವರು ರೈತರಲ್ವಾ, ವರ್ಷಾ ವರ್ಷ ನೇಗಿಲಿನ ಕುಳ ಮೊಂಡಾದ್ರೆ ಏನು ಮಾಡ್ತಾರೋ ಅದನ್ನೇ ಮಾಡಿದ್ರು. ಊರ ಕಮ್ಮಾರ ಪುಟ್ಟಸಿದ್ದಯ್ಯನ ಕುಲುಮೆಗೆ ಒಯ್ದು, ಕೆಂಪಗೆ ಕಾಯಿಸಿ, ಬಡಿಸಿ, ನೆಟ್ಟಗೆ ಮಾಡಿಸಿ, ಕೊನೆಗೆ ಬಿಸಿ ಇರೋವಾಗ್ಲೇ ನೀರಲ್ಲಿ ಅದ್ದಿ ಚುಂಯ್ ಅಂತ ನೀರು ಕುಡಿಸಿ ತಂದು ಹಾಕಿದ್ರು. ವಾರಕ್ಕೆ, ಬಡಿದ ಜಾಗ ಬಿಟ್ಟು ಅದರ ಪಕ್ಕದಲ್ಲಿ ಮತ್ತೆ ಬಗ್ಗಿತು. ಮತ್ತೆ ಕುಲುಮೆ, ಮತ್ತೆ ಚುಂಯ್.

ಮೂರನೇ ಸಲ ಬಗ್ಗಿದ್ದು ಒಂದು ಭಾನುವಾರ. ಮಾರನೇ ದಿನವೇ ಕಾಡಿನಾಚೆ ಊರಿಂದ ಬಸುರಿ ಮಗಳು ರೂಪಳನ್ನ ಬಾಣಂತನಕ್ಕೆ ಕರ್ಕೊಂಡು ಬರ್ಬೇಕು. ಆ ದಾರೀಲಿ ಒಂದ್ಕಡೆ ಬಂಡೆ, ಒಂದ್ಕಡೆ ಹಳ್ಳ.

ಅವತ್ತು ಬೆಳಿಗ್ಗೆಯೇ ಗುರುಸಿದ್ದಯ್ಯನವರು ಜೀಪಿನ ಕೆಳಗೆ ಮಲಗಿದ್ರು, ಕಾಲು ಮಾತ್ರ ಕಾಣ್ತಿತ್ತು. ಆಗ ಬಂದಳು ಕವಿತ. ಅವರ ತಂಗಿ ಮಗಳು. ಐಟಿಐ ಮಾಡಿ ಕೊಳ್ಳೇಗಾಲದ ಗ್ಯಾರೇಜಲ್ಲಿ ಮೆಕ್ಯಾನಿಕ್ಕು.

"ಏನ್ ಮಾವ, ಜೀಪು ನಿಮ್ಮನ್ನೇ ನುಂಗ್ತಾ ಅದಲ್ಲ!"

"ಸುಮ್ಕಿರವ್ವ. ರಾಡು ಬಿಚ್ಚಿ ಕುಲುಮೆಗೆ ತಕಂಡೋಯ್ತಿನಿ, ಒಂದ್ಗಂಟೆ ಕೆಲ್ಸ."

"ಬಿಚ್ಬ್ಯಾಡಿ, ಒಂದ್ನಿಮಿಷ ಅಲ್ಲೇ ಮಲಗಿರಿ. ಅತ್ತೆ, ನೀವು ಒಳಗ್ ಕೂತು ಸ್ಟೇರಿಂಗ್ನ ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡ್ಸಿ."

ಪುಟ್ಟಬಸಮ್ಮ ಮಣೆ ಹತ್ತಿ ಕೂತು ಮಜ್ಜಿಗೆ ಕಡೆಯೋ ಹಾಗೆ ಅಲ್ಲಾಡಿಸಿದ್ರು.

"ಮಾವ, ರಾಡಿನ ತುದೀಲಿರೋ ಕೀಲು ನೋಡಿ. ಏನ್ ಕಾಣ್ತದೆ?"

ಜೀಪಿನ ಕೆಳಗಿದ್ದ ಕಾಲು ಸ್ವಲ್ಪ ಒಳಕ್ಕೆ ಸರೀತು. ಆಮೇಲೆ, "ಕೀಲು ಲೊಟಕ್ ಲೊಟಕ್ ಅಂತದೆ. ಚಕ್ರ ತಿರುಗ್ತಾನೇ ಇಲ್ಲ."

"ಅಷ್ಟೇ ಮಾವ. ಜೀಪಿಗೆ ಆನೆ ಕಾಲು ಹಾಕುಸ್ಬುಟ್ರಿ, ಕೀಲು ಮಾತ್ರ ಆಡಿಂದೇ ಅದೆ. ಆ ಟೈರಿನ ಭಾರಕ್ಕೆ ಚಕ್ರ ಹೊತ್ತಿರೋ ಈ ಆಕ್ಸಲ್ಲು, ಈ ರಾಡು ತಡೀತಾವಾ?"

"ಮೂವತ್ತು ವರ್ಸದಿಂದ ಓಡುಸ್ತಾ ಇವ್ನಿ ಕಣವ್ವ, ನೀನ್ ಉಟ್ಟಕೂ ಮುಂಚಿಂದ. ಏನಾಗದೆ?"

"ಮೂವತ್ತು ವರ್ಸ ಚಿಕ್ಕ ಟೈರಲ್ಲಿ ಓಡ್ಸಿದ್ರಿ ಮಾವ."

ಅವರು ಕೇಳಿಸ್ಕೊಳ್ಳಲಿಲ್ಲ. ರಾಡು ಬಿಚ್ಚಿ ಹೆಗಲ ಮೇಲಿಟ್ಟು ಕುಲುಮೆಗೆ ಹೊರಟೇಬಿಟ್ರು. ಹಿಂದೆ ಕವಿತ, ಅವಳ ಹಿಂದೆ ಸೆರಗು ಸಿಕ್ಕಿಸ್ಕೊಂಡು ಪುಟ್ಟಬಸಮ್ಮ.

ಪುಟ್ಟಸಿದ್ದಯ್ಯ ರಾಡು ನೋಡಿ ಮುಖ ಗಂಟಾಕ್ಕೊಂಡ. "ಇದೇನ್ ಸಾಮಿ, ವಾರಕ್ಕೊಂದ್ಸಲ ತವರಿಗೆ ಬಂದಂಗೆ ಬತ್ತದೆ!"

ಕವಿತ ಕೇಳಿದಳು, "ಅಜ್ಜ, ಇದಕ್ಕೂ ನೀರು ಕುಡ್ಸಿದ್ರಾ?"

"ಕುಡುಸ್ದೆ ಬುಡ್ತೀನಾ? ಕುಳಕ್ಕೆ ಕುಡುಸ್ದಂಗೇ, ಎರಡು ಸಲ."

"ಇವತ್ತು ಕಾಯಿಸ್ಬ್ಯಾಡಿ. ಅಂಗೇ ಅಡಿಗಲ್ಲಿನ ಮೇಲಿಟ್ಟು ನೀರು ಕುಡ್ಸಿದ ಜಾಗಕ್ಕೆ ಒಂದೇಟು ಆಕಿ."

"ಅಯ್ಯೋ, ಹಾಕು ನೋಡನ!" ಅಂದ್ರು ಗುರುಸಿದ್ದಯ್ಯ. "ಕುಲುಮೇಲಿ ಗಟ್ಟಿಯಾಗಿರೋ ಮಾಲು!"

ಪುಟ್ಟಸಿದ್ದಯ್ಯ ಸಮ್ಮಟಿಗೆ ಎತ್ತಿ ಒಂದೇಟು ಹಾಕಿದ. ಟಣ್!

ರಾಡು ಎರಡು ತುಂಡು. ಮುರಿದ ಜಾಗ ಕಲ್ಸಕ್ಕರೆ ಹಾಗೆ ಕಾಳುಕಾಳಾಗಿ ಹೊಳೀತಿತ್ತು.

ಪುಟ್ಟಸಿದ್ದಯ್ಯ ತುಂಡನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಅಂದ, "ತಪ್ಪು ನಂದೂ ಅದೆ ಸಾಮಿ. ನೀರು ಕುಡುದ್ರೆ ಕಬ್ಬುಣ ಗಟ್ಟಿ ಆಯ್ತದೆ, ಆದ್ರೆ ಗಾಜಿನಂಗೆ. ಮಣ್ಣಲ್ಲಿ ಸವೆಯೋ ಕುಳಕ್ಕೆ ಅದು ಸರಿ. ಕಲ್ಲಲ್ಲಿ ಎಗರೋ ಇದಕ್ಕಲ್ಲ. ಕುಳ ಮುರುದ್ರೆ ಎತ್ತು ನಿಂತ್ಕತದೆ. ಇದು ಮುರುದ್ರೆ ಜೀಪು ನಿಂತ್ಕತದಾ?"

ಪುಟ್ಟಬಸಮ್ಮ ಗಂಡನ್ನೇ ನೋಡಿದ್ರು. "ನಾಳೆ ಇದನ್ನ ನೆಚ್ಕಂಡು ನನ್ ಮಗಳ್ನ ಕರ್ಕಬತ್ತಿದ್ರಾ?"

"ಸೋಮಾರ ಮಾದಪ್ಪ ಸಾಮಿ ದಿನ, ಒಳ್ಳೇದು ಅಂತ ಗೊತ್ತು ಮಾಡಿದ್ವಲ್ಲ ಕಣೆ..."

"ಮುಂದಿನ ಸೋಮಾರನೂ ಮಾದಪ್ಪಂದೇ. ಬೇರೆ ಯಾರ್ಗೂ ಬರ್ಕೊಟ್ಟಿಲ್ಲ."

ಅಲ್ಲಿಗೆ ಮುಗೀತು. ಊರಿನ ಹೊರೆಯೆಲ್ಲ ಹೊತ್ತ ಜೀಪು ತಾನೇ ಹೊರೆಯಾಗಿ ಲಾರಿ ಹತ್ತಿ ಕೊಳ್ಳೇಗಾಲಕ್ಕೆ ಹೋಯ್ತು.

ಗ್ಯಾರೇಜಲ್ಲೂ ಗುರುಸಿದ್ದಯ್ಯ ಸುಮ್ಮನಿರ್ಲಿಲ್ಲ. "ದಪ್ಪ ರಾಡು ಒಂದ್ ಆಕ್ಬುಡು, ಸಾಕು."

"ರಾಡು ಒಂದೇ ದಪ್ಪ ಆದ್ರೆ ಏಟು ಪಕ್ಕದ ಕೀಲಿಗೆ ಓಯ್ತದೆ ಮಾವ. ಇಲ್ಲಾ ಹಳೇ ಸೈಜಿನ ಟೈರೇ ವಾಪಸ್ ಆಕ್ಸಿ, ಕೀಲು ಮಾತ್ರ ಹೊಸದು ಮಾಡನ. ಇಲ್ಲಾ ದೊಡ್ಡ ಟೈರೇ ಬೇಕು ಅಂದ್ರೆ ಮುಂದಿನ ಆಕ್ಸಲ್ಲಿಂದ ಹಿಡ್ದು ಟೈ ರಾಡು, ಅದ್ರ ತುದಿ ಕೀಲು, ಚಕ್ರ ತಿರುಗೋ ಕಿಂಗ್ ಪಿನ್ನು, ಎಲ್ಲಾ ಆ ಟೈರಿಗೆ ತಕ್ಕಂಗೆ ಗಟ್ಟಿದು ಬೇಕು."

"ಆ ದಾರಿಗೆ ದೊಡ್ಡ ಟೈರೇ ಬೇಕು ಕಣವ್ವ. ಗೋಡೆ ಪಟದಲ್ಲಿರೋ ಆ ಕೆಂಪು ಬಣ್ಣದ ಆಕ್ಸಲ್ಲು ಚೆಂದಾಗದಲ್ಲ?"

"ಹೆಣ್ಣು ನೋಡಕೆ ಬಂದಿಲ್ಲ ಮಾವ! ನಿಮ್ ಜೀಪಿನ ಮಾಡೆಲ್ಲು, ಟೈರಿನ ಸೈಜು, ನೀವು ತುಂಬೋ ಭಾರ, ಈ ಮೂರಕ್ಕೂ ಒಪ್ತದಾ ಅಂತ ಅಂಗಡಿಯವನ್ನ ಕೇಳಿ. ಬಿಲ್ಲು ಕೊಡ್ದೆ ಇರೋನತ್ರ ತಕಬ್ಯಾಡಿ. ಮೊದ್ಲು ಆರ್‌ಟಿಒ ಆಫೀಸಲ್ಲಿ ಕೇಳ್ಕಂಡು ಬನ್ನಿ, ಇಂಗೆ ಬದಲಾಯಿಸ್ಬೋದಾ ಅಂತ."

ಕೇಳ್ಕೊಂಡು, ಒಪ್ಪಿಗೆ ತಗೊಂಡು ಬಂದ್ರು. ಸಾಮಾನು ಬಂತು, ಕೂರಿಸಿದ್ದಾಯ್ತು. ಒಂದೊಂದು ನಟ್ಟಿಗೂ ಸಡಿಲ ಆಗದ ಹಾಗೆ ಪಿನ್ನು ಹಾಕಿದ್ದನ್ನ ಕವಿತ ಮಾವನ ಬೆರಳಿಂದಲೇ ಮುಟ್ಟಿಸಿ ತೋರಿಸಿದಳು. ಆಮೇಲೆ ಚಕ್ರಗಳನ್ನ ನೇರಕ್ಕೆ ನಿಲ್ಲಿಸೋ ಅಲೈನ್‌ಮೆಂಟು. "ಹದಿನೈದು ದಿನ ಓಡ್ಸಿ ಮತ್ತೆ ತಕಬನ್ನಿ, ನಟ್ಟು ಟೈಟಾಗವಾ ನೋಡ್ತೀನಿ," ಅಂದಳು.

ಮುಂದಿನ ಸೋಮವಾರ. ಒಂದ್ಕಡೆ ಬಂಡೆ, ಒಂದ್ಕಡೆ ಹಳ್ಳ. ಮುಂದೆ ಗುರುಸಿದ್ದಯ್ಯ, ಪಕ್ಕದಲ್ಲಿ ಹೊಟ್ಟೆ ಮೇಲೆ ಕೈಯಿಟ್ಕೊಂಡು ರೂಪ, ಹಿಂದೆ ಪುಟ್ಟಬಸಮ್ಮ. ಮೆಲ್ಲಗೆ, ನಡಿಗೆ ವೇಗದಲ್ಲಿ. ದೊಡ್ಡ ಕಲ್ಲಿನ ಮೇಲೆ ಎಡಗಡೆ ಚಕ್ರ ಹತ್ತಿ ಇಳೀತು. ಸ್ಟೇರಿಂಗು ತಿರುಗಿಸಿದಷ್ಟೇ ಜೀಪು ತಿರುಗ್ತು, ಯೋಚನೆ ಮಾಡ್ಲಿಲ್ಲ. ನಿಂಬೆಹಣ್ಣೂ ಅಷ್ಟಾಗಿ ಕುಣೀಲಿಲ್ಲ.

"ಅಪ್ಪ, ದಾರಿ ರಿಪೇರಿ ಮಾಡವ್ರಾ?" ಅಂದಳು ರೂಪ.

"ಇಲ್ಲ ಕಣವ್ವ, ದಾರಿ ಅಂಗೇ ಅದೆ," ಅಂದ್ರು ಗುರುಸಿದ್ದಯ್ಯ. "ರಿಪೇರಿ ಆಗಿದ್ದು ನಾನು."

ಮುರಿದ ರಾಡಿನ ಎರಡು ತುಂಡು ಈಗ್ಲೂ ಪುಟ್ಟಸಿದ್ದಯ್ಯನ ಕುಲುಮೆ ಕಂಬದಲ್ಲಿ ನೇತಾಡ್ತಿವೆ. ಯಾರಾದ್ರೂ ಜೀಪಿನ ರಾಡು ತಂದ್ರೆ ಅವನು ಕುಲುಮೆ ಊದಲ್ಲ, ಕಂಬ ತೋರಿಸ್ತಾನೆ.

ಹನೂರು, ಕೊಳ್ಳೇಗಾಲ, ಯಳಂದೂರಿನ ಜೀಪಿನ ಅಣ್ಣಂದಿರೇ, ಕಾಡುದಾರಿ, ಕಲ್ದಾರಿಗೆ ಗಾಡಿ ಇಳಿಸೋ ಹುಡುಗ್ರೇ, ಟೈರು ದೊಡ್ಡದಾದಷ್ಟೂ ಕೀಲಿನ ಮೇಲಿನ ಕೆಲಸ ದೊಡ್ಡದು. ಸ್ಟೇರಿಂಗಿನ ಸಾಮಾನನ್ನ ಕಾಯಿಸಿ ಬಡಿಸ್ಬೇಡಿ, ಬೆಸುಗೆ ಹಾಕಿಸ್ಬೇಡಿ. ಬಗ್ಗಿದ್ದು ಹೋಗ್ಲಿ, ಹೊಸದು ಬರ್ಲಿ. ಇವತ್ತೇ ಮನೆಯವರೊಬ್ಬರನ್ನ ಕರೆದು ಸ್ಟೇರಿಂಗು ಅಲ್ಲಾಡಿಸೋಕೆ ಹೇಳಿ, ನೀವು ಕೆಳಗೆ ಬಗ್ಗಿ ನೋಡಿ. ಲೊಟಕ್ ಅಂದ್ರೆ ಗಾಡಿ ಅಲ್ಲೇ ನಿಲ್ಲಲಿ. ನಿಮ್ಮ ಪಕ್ಕದ ಸೀಟಲ್ಲಿ ಕೂರೋರು ಕೆಳಗೆ ಬಗ್ಗಿ ನೋಡಿರಲ್ಲ, ನಿಮ್ಮನ್ನ ನೋಡಿ ಹತ್ತಿರ್ತಾರೆ.