ಆರೋಪಿಯ ಉತ್ತರ

ಪರದೆಯ ಮೇಲಿನ ಸೊಟ್ಟ ಅಕ್ಷರಗಳನ್ನು ದಿನಕರ ಮತ್ತೆ ತಪ್ಪಾಗಿ ಒತ್ತಿದರು. ನ್ಯಾಯಾಲಯಗಳ ಜಾಲತಾಣ ಮತ್ತೆ ಅವರನ್ನು ಹೊರಗೆ ಹಾಕಿತು. ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಭಾನುವಾರದ ಬೆಳಗು; ಲ್ಯಾಪ್‌ಟಾಪಿನ ಪಕ್ಕ ನೀರುದೋಸೆ ಆರುತ್ತಿತ್ತು.

"ಮೊದಲು ತಿಂಡಿ ತಿನ್ನಿ. ಮೊಸರಲ್ಲಿ ಕಲ್ಲು ಹುಡುಕ್ಲಿಕ್ಕೆ ಮತ್ತೆ ಕೂತ್ರೆ ಆಯ್ತು," ಎಂದರು ಹೆಂಡತಿ ವಿಜಯಾ.

"ಕಲ್ಲು ಉಂಟಾ ಇಲ್ವಾ ಅಂತ ಈಗಲೇ ನೋಡ್ಬೇಕು. ಮಗಳ ಹಲ್ಲು ಮುರಿದ ಮೇಲೆ ನೋಡಿ ಎಂತ ಪ್ರಯೋಜನ?"

ದಿನಕರ ಪುತ್ತೂರಿನ ಕಡೆಯವರು; ಕೆಲಸದಿಂದಾಗಿ ಮಲಯಾಳ ನಾಡಿನಲ್ಲಿ ನೆಲೆಸಿದವರು. ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲ ಕಳೆದವರು. ಅವರೆದುರು ವಿಚಾರಣೆಗೆ ಕೂತವರೆಲ್ಲ ಹೇಳಿದ್ದು ಒಂದೇ ಮಾತು: ನಾನಲ್ಲ ಸಾರ್, ನನಗೆ ಗೊತ್ತೇ ಇಲ್ಲ ಸಾರ್. ಕೇಳಿ ಕೇಳಿ ಅವರಿಗೆ ಮನುಷ್ಯರ ನಗುವಿನ ಮೇಲೂ ಅನುಮಾನ. ಹೊಸದಾಗಿ ಪರಿಚಯವಾದವನು ಎರಡು ಸಲ ನಕ್ಕರೆ, ಇವನು ಏನು ಮುಚ್ಚಿಡುತ್ತಿದ್ದಾನೆ ಎಂದು ಯೋಚಿಸುವ ಜಾತಿ. ಈಗ ಮಗಳು ಅನ್ವಿತಾ, ತಿರುವನಂತಪುರದ ಹತ್ತಿರದ ಕಳಕ್ಕೂಟಂನಲ್ಲಿ ತನ್ನೊಂದಿಗೇ ಕೆಲಸ ಮಾಡುವ ಕಾರ್ತಿಕೇಯನ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗನ ಮನೆ ತಿರುವನಂತಪುರದಿಂದ ಮೂಡಣಕ್ಕೆ, ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ. ದಿನಕರ ಅಂದೇ ತೀರ್ಪು ಕೊಟ್ಟಿದ್ದರು: ಆ ಮನೆಯವರ ಮೇಲೆ ಒಂದೇ ಒಂದು ಪೊಲೀಸ್ ಕೇಸು ಸಿಕ್ಕಿದರೂ ಮದುವೆ ಇಲ್ಲ.

"ಪಪ್ಪಾ, ಅವನ ತಂದೆ ನಿಮ್ಮತ್ರ ಮಾತಾಡ್ಬೇಕಂತೆ. ಫೋನಲ್ಲಿ ಅಲ್ಲ, ನೇರ," ಎಂದು ಮಗಳು ಅಂಗಲಾಚಿದ್ದಳು. "ಪ್ಲೀಸ್, ಒಮ್ಮೆ ಹೋಗಿ ಬನ್ನಿ. ಆಮೇಲೆ ಬೇಡ ಅನ್ನಿ, ನಾನು ಕೇಳ್ತೇನೆ."

ವಿಚಾರಿಸದೆ ಯಾರಾದರೂ ಹೋಗುತ್ತಾರೆಯೇ? ದಿನಕರ ರಾಜ್ಯ ಆರಿಸಿದರು, ಜಿಲ್ಲೆ ಆರಿಸಿದರು, ಆ ತಾಲೂಕಿನ ಕೋರ್ಟು ಆರಿಸಿದರು. ಹುಡುಗನ ಹೆಸರಿಗೆ ಏನೂ ಸಿಗಲಿಲ್ಲ. ತಂದೆ ದಾಮೋದರನ್ ಹೆಸರು ಹಾಕಿದರೆ ಪುಟಗಟ್ಟಲೆ ದಾಮೋದರನ್‌ಗಳು ಬಂದರು. ಊರಲ್ಲಾದರೆ ಶೆಟ್ಟಿ, ಭಟ್ಟ, ಗೌಡ ಎಂದು ಜರಡಿ ಹಿಡಿಯಬಹುದಿತ್ತು. ಇಲ್ಲಿ ಜನರನ್ನು ಗುರುತಿಸುವುದು ಮನೆಹೆಸರಿನಿಂದ. ದೋಸೆ ಚರ್ಮದಂತಾಗುವ ಹೊತ್ತಿಗೆ ಹುಡುಗನ ಮನೆಹೆಸರು 'ಕುನ್ನುವಿಳ ವೀಡ್' ಇರುವ ದಾಮೋದರನ್ ಸಿಕ್ಕಿದ. ಅಜಾಗರೂಕ ಚಾಲನೆಯಿಂದ ಮರಣ. ಕೇಸು ಮುಗಿದಿದೆ. ಫಲಿತಾಂಶ: ಶಿಕ್ಷೆ.

ಆ ಕ್ಷಣ ದಿನಕರರಿಗೆ ಆದದ್ದು ಖುಷಿಯೇ.

"ಬಸ್ ಡ್ರೈವರ್ ಆಗಿದ್ದವರಂತೆ. ಆಕ್ಸಿಡೆಂಟ್ ಆಗಿರ್ಬಹುದಪ್ಪ," ಎಂದರು ವಿಜಯಾ, ತಟ್ಟೆ ಎತ್ತುತ್ತ.

"ಆಕ್ಸಿಡೆಂಟ್ ಕೇಸಲ್ಲಿ ನೂರಕ್ಕೆ ತೊಂಬತ್ತು ಜನ ಬಿಡುಗಡೆ ಆಗ್ತಾರೆ. ಇವನಿಗೆ ಶಿಕ್ಷೆ ಆಗಿದೆ ಅಂದ್ರೆ ಎಂತದೋ ದೊಡ್ಡದೇ ಉಂಟು."

ಹಳೆಯ ಕೇಸಾದ್ದರಿಂದ ತೀರ್ಪು ಜಾಲತಾಣದಲ್ಲಿರಲಿಲ್ಲ. ಕೋರ್ಟಿಗೇ ಅರ್ಜಿ ಹಾಕಿ ನಕಲು ಪಡೆಯಬೇಕು. ತಿರುವನಂತಪುರದಲ್ಲಿ ಬ್ಯಾಂಕಿನ ಕೇಸುಗಳನ್ನು ನೋಡುವ ಕಾಸರಗೋಡಿನ ವಕೀಲ ಪ್ರಮೋದ್ ಆ ಕೆಲಸ ವಹಿಸಿಕೊಂಡ. ನಕಲು ಸಿದ್ಧವಾಗಿದೆ ಎಂದು ಅವನು ಫೋನ್ ಮಾಡಿದ ಮರುದಿನವೇ ದಿನಕರ ಮುಂಜಾನೆಯ ರೈಲು ಹತ್ತಿದರು. ಕಳಕ್ಕೂಟಂ ದಾಟುವಾಗ ಮಗಳಿಗೆ ಫೋನ್ ಮಾಡೋಣವೆನ್ನಿಸಿತು. ಮಾಡಲಿಲ್ಲ.

ಕೋರ್ಟು ಹೆಂಚಿನ ಹಳೆಯ ಕಟ್ಟಡ. ಅಲ್ಲಿ ಕಾದಿದ್ದ ಪ್ರಮೋದ್ ನಕಲನ್ನು ಕೈಗಿಟ್ಟ. ಜಗಲಿಯ ಬೆಂಚಿನ ಮೇಲೆ ಕಕ್ಷಿಗಾರರ ನಡುವೆ ಜಾಗ ಮಾಡಿಕೊಂಡು ದಿನಕರ ಕನ್ನಡಕ ಏರಿಸಿದರು. ಇಂಗ್ಲಿಷಿನಲ್ಲಿ ಟೈಪಾದ ತೀರ್ಪು. ಮಳೆಗಾಲದ ಒಂದು ಸಂಜೆ ಖಾಸಗಿ ಬಸ್ಸು ತಿರುವಿನಲ್ಲಿ ಮುಂದಿನ ಬಸ್ಸನ್ನು ಹಿಂದೆ ಹಾಕಹೋಗಿ, ರಸ್ತೆಬದಿ ನಡೆಯುತ್ತಿದ್ದ ರಬ್ಬರ್ ತೋಟದ ಕೆಲಸಗಾರನೊಬ್ಬನಿಗೆ ಬಡಿದಿತ್ತು. ಕಂಡಕ್ಟರ್, ಪ್ರಯಾಣಿಕರು, ತಿರುವಿನ ಚಹಾದಂಗಡಿಯವನು, ಎಲ್ಲರೂ ಸಾಕ್ಷಿಕಟ್ಟೆ ಹತ್ತಿ 'ನಾನು ನೋಡಿಲ್ಲ' ಎಂದಿದ್ದರು. ದಿನಕರ ಮೂಗು ಮುರಿದರು. ಗೊತ್ತಿದ್ದ ಕಥೆಯೇ.

ಸಾಕ್ಷಿಗಳದ್ದು ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಕೇಳುವ ಕ್ರಮವಿದೆ: ನಿನಗೇನಾದರೂ ಹೇಳಲಿಕ್ಕಿದೆಯೇ? 'ಇಲ್ಲ, ಎಲ್ಲ ಸುಳ್ಳು' ಎಂಬುದು ಲೋಕರೂಢಿಯ ಉತ್ತರ. ದಾಮೋದರನ್ ಕೊಟ್ಟ ಉತ್ತರವನ್ನು ನ್ಯಾಯಾಧೀಶರು ಹಾಗೆಯೇ ಬರೆಸಿದ್ದರು:

'ಇವರೆಲ್ಲ ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಿದರು. ಎಲ್ಲರೂ ನೋಡಿದ್ದಾರೆ. ಮುಂದಿನ ಸ್ಟಾಪಿನ ಜನ ನನ್ನ ಬಸ್ಸಿಗೇ ಹತ್ತಬೇಕೆಂದು ವೇಗವಾಗಿ ಓಡಿಸಿದೆ. ಆತ ಬದಿಯಲ್ಲೇ ನಡೆಯುತ್ತಿದ್ದ. ತಪ್ಪು ನನ್ನದು.'

ಹೀಗೆ ಹೇಳಿದರೆ ಜೈಲಾಗಬಹುದು ಎಂದು ನ್ಯಾಯಾಧೀಶರು ಎಚ್ಚರಿಸಿದ್ದರು. ಮನೆಗೆ ಹೋಗಿ ಯೋಚಿಸಿ ನಾಳೆ ಬಾ ಎಂದಿದ್ದರು. ಮರುದಿನ ಆತ ಬಂದು ಅದನ್ನೇ ಹೇಳಿದ್ದ. ಅವನ ವಕೀಲರು ವಕಾಲತ್ತು ಬಿಟ್ಟು ಹೋಗಿದ್ದರು.

ದಿನಕರ ಆ ಪುಟವನ್ನು ಮತ್ತೊಮ್ಮೆ ಓದಿದರು. ಸುತ್ತಲೂ ಜನ ಗಲಗಲ ಮಾತಾಡುತ್ತಿದ್ದರೂ ಅವರಿಗೆ ಏನೂ ಕೇಳಿಸಲಿಲ್ಲ.

"ಬಾಯಿ ಮುಚ್ಚಿ ನಿಂತಿದ್ರೆ ಸಾಕಿತ್ತು ಸಾರ್, ಖುಲಾಸೆ ಆಗ್ತಿತ್ತು," ಎಂದ ಪ್ರಮೋದ್. ಅವನ ದನಿಯೂ ತಗ್ಗಿತ್ತು. "ನನ್ನ ಸರ್ವೀಸಲ್ಲಿ ಇಂಥದ್ದು ಕಂಡದ್ದಿಲ್ಲ." ಆಮೇಲೆ ಸ್ವಲ್ಪ ನಕ್ಕು, "ಏನಿದ್ರೂ ನೀವು ಬೆಟ್ಟ ಅಗೆದ್ರಿ, ಇಲಿಯಾದ್ರೂ ಸಿಕ್ತು. ಇನ್ನು ಮದುವೆ ಬೇಡ ಅನ್ಲಿಕ್ಕೆ ಸುಲಭ."

"ಇಲಿ ಅಲ್ಲ ಮಾರಾಯ," ಎಂದರು ದಿನಕರ. "ಆ ಮನೆ ಇಲ್ಲಿಂದ ಎಷ್ಟು ದೂರ?"

ಆಟೋ ಗುಡ್ಡದ ದಾರಿ ಏರುವಾಗ ಹಳೆಯ ಚಾಳಿ ತಲೆಯೆತ್ತಿತು. ಕೋರ್ಟಿನಲ್ಲಿ ಒಂದು ದಿನ ಧೈರ್ಯ ಬಂದಿರಬಹುದು. ಆಮೇಲೆ ಮನುಷ್ಯ ಬುದ್ಧಿ ಕಲಿತಿರುತ್ತಾನೆ. ಮಗನ ಮದುವೆಯ ಹೊತ್ತಿಗೆ ಯಾರು ತಾನೇ ಜೈಲಿನ ಮಾತು ಎತ್ತುತ್ತಾರೆ? ಕಾಗದ ಚೀಲದಲ್ಲೇ ಇರಲಿ, ನೋಡೋಣ ಎಂದುಕೊಂಡರು. ಆದರೂ ಆತ ಮುಚ್ಚಿಡಬಾರದು ಎಂದು ಅವರಿಗೆ ಎಷ್ಟು ಆಸೆಯಾಗುತ್ತಿತ್ತೆಂದರೆ, ಅವರಿಗೇ ಆಶ್ಚರ್ಯ.

ಅಂಗಳದಲ್ಲಿ ಮುಂಡು ಎತ್ತಿ ಕಟ್ಟಿಕೊಂಡು ಮರಗೆಣಸಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದ ಸಣಕಲು ಮನುಷ್ಯ ತಲೆಯೆತ್ತಿದರು. ಫೋಟೋದಲ್ಲಿ ನೋಡಿದ್ದರೇನೋ, ಕೂಡಲೇ ಗುರುತಿಸಿದರು. ಗುದ್ದಲಿ ಬಿಟ್ಟು, ಮುಂಡು ಇಳಿಸಿ, ಕೈಮುಗಿದರು.

"ಅನ್ವಿತಾಳ ತಂದೆಯಲ್ಲವೇ? ತಂಕಮಣೀ, ಕುಡಿಯಲು ತಾ," ಎಂದು ಹೆಂಡತಿಯನ್ನೂ ಕೂಗಿದರು; ಮಾತೆಲ್ಲ ಮಲಯಾಳದಲ್ಲಿ, ದಿನಕರರಿಗೆ ಅದು ಚೆನ್ನಾಗಿ ಬರುತ್ತಿತ್ತು. ಆಮೇಲೆ ಮೆಟ್ಟಿಲಿನ ಹತ್ತಿರ ಬಂದು ಅಲ್ಲೇ ನಿಂತರು. "ಸಾರ್, ಒಳಗೆ ಬನ್ನಿ ಎನ್ನುವ ಮೊದಲು ಒಂದು ವಿಷಯ ಹೇಳಬೇಕು. ಕೇಳಿದ ಮೇಲೆ ಬರುವುದೋ ಬಿಡುವುದೋ ನಿಮ್ಮಿಷ್ಟ. ನನ್ನ ಕೈಯಲ್ಲಿ ಒಬ್ಬ ಸತ್ತಿದ್ದಾನೆ. ಸುಗತನ್ ಎಂದು ಹೆಸರು."

ಜೀರಿಗೆ ನೀರಿನ ಲೋಟ ಹಿಡಿದು ಹೊರಬಂದ ತಂಕಮಣಿ ಬಾಗಿಲಲ್ಲೇ ನಿಂತರು.

ದಾಮೋದರನ್ ಎಲ್ಲ ಹೇಳಿದರು. ತಿರುವು, ಮುಂದಿನ ಬಸ್ಸು, ಸುಗತನ್ ಕೈಯಲ್ಲಿದ್ದ ರಬ್ಬರ್ ಹಾಲಿನ ಬಕೆಟ್ಟು, ಜೈಲು. ದಿನಕರ ಕೇಳುತ್ತ ಒಂದು ಮಾತಿಗಾಗಿ ಕಾದರು. ಅವರು ಕೇಳಿದ ಅಪರೂಪದ ತಪ್ಪೊಪ್ಪಿಗೆಗಳಿಗೆಲ್ಲ ಕೊನೆಯಲ್ಲಿ ಒಂದು 'ಆದರೆ' ಇರುತ್ತಿತ್ತು. ಆದರೆ ಕೆಲಸದ ಒತ್ತಡ, ಆದರೆ ಮೇಲಿನವರ ಮಾತು. ಇಲ್ಲಿ ಅದು ಬರಲೇ ಇಲ್ಲ.

ಕೊನೆಗೆ ತಡೆಯಲಾಗದೆ ದಿನಕರರೇ ಬಾಯಿಬಿಟ್ಟರು. "ಅವತ್ತು ಮಳೆ ಬರುತ್ತಿತ್ತಲ್ಲ? ರಸ್ತೆ ಜಾರುತ್ತಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ದಾಮೋದರನ್ ಮಳೆಯ ಮಾತೇ ಆಡಿರಲಿಲ್ಲ. ಅವರು ದಿನಕರರ ಮುಖ ನೋಡಿದರು, ಹೆಗಲಿನ ಚೀಲ ನೋಡಿದರು. ಎಲ್ಲ ತಿಳಿದಂತಿತ್ತು. ಕಣ್ಣಿನಲ್ಲಿ ಕೋಪ ಮಾತ್ರ ಇರಲಿಲ್ಲ.

"ಮಳೆ ಎಲ್ಲರಿಗೂ ಬರುತ್ತಿತ್ತು ಸಾರ್," ಎಂದರು.

ತಮ್ಮದೇ ಮನೆಯ ಮೆಟ್ಟಿಲಿನ ಕೆಳಗೆ, ಮಣ್ಣಾದ ಕೈಗಳನ್ನು ಮುಂದೆ ಜೋಡಿಸಿಕೊಂಡು ಕಾಯುತ್ತ ನಿಂತರು.

ದಿನಕರ ಚೀಲವನ್ನು ನೆಲಕ್ಕಿಟ್ಟರು. ಮೆಟ್ಟಿಲಿಗೆ ಒಂದು ಕೈ ಊರಿ, ಕಷ್ಟಪಟ್ಟು ಬಗ್ಗಿ, ಶೂ ಲೇಸಿನ ಗಂಟು ಬಿಚ್ಚತೊಡಗಿದರು.